ಮೊಂಡಯ್ಯನ ನೀಲಿ ಬಳಪ

“ಆ ಟೋಪಿ ನಿಂದಲ್ಲ ಅಲ್ವಾ, ಮಗಳೇ?”

ಹಿಂದಿನಿಂದ ಓದೇಲು ಕೇಳಿದ. ಸಬ್ ಇನ್‌ಸ್ಪೆಕ್ಟರ್ ಸುಗುಣ ಹಳಿಗಳ ನಡುವಿನ ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಹುಡುಕಿ ಇಡುತ್ತಿದ್ದಳು. ತಲೆ ತಿರುಗಿಸಲಿಲ್ಲ. ತಿರುಗಿಸಿದರೆ ಹಣೆಯ ದೀಪವೂ ಜೊತೆಗೆ ತಿರುಗಿ, ಕಾಲಿಡುವ ಜಾಗ ಕತ್ತಲಾಗುತ್ತಿತ್ತು.

“ನಂದೆಲ್ಲಿಂದ ಬರ್ಬೇಕು ಮಾಮಾ. ದೀಪದ ಕೋಣೇಲಿ ಕೊಟ್ಟಿದ್ದೆಲ್ಲ ಮೂಗಿನ ತನಕ ಇಳೀತಿತ್ತು. ಇದು ಎಂಜಿನಿಯರ್ ನೀರಜಮ್ಮನ ಕೋಣೇಲಿ ಮೊಳೆಗೆ ನೇತಾಡ್ತಿತ್ತು. ಕೇಳಿ ಇಸ್ಕೊಂಡೆ.”

“ಕೇಳಿದ ತಕ್ಷಣ ಕೊಟ್ರಾ?”

“ಒಂದು ಗಳಿಗೆ ಅನುಮಾನ ಮಾಡಿದ್ರು. ಆಮೇಲೆ ಅವರೇ ಕೆಮ್ಮಿಕೊಂಡು ಬಂದು, ಗಲ್ಲದ ಪಟ್ಟಿ ಬಿಗಿದು ಕಳಿಸಿದ್ರು. ಪಾಪ, ಎಂಟು ದಿನದಿಂದ ಜ್ವರವಂತೆ. ಕೆಳಗೇ ಇಳಿದಿಲ್ವಂತೆ. ಯಾಕೆ?”

“ಏನಿಲ್ಲ. ಚೆನ್ನಾಗಿ ಕೂತಿದೆ.”

ಓದೇಲು ಅಷ್ಟಕ್ಕೆ ಬಿಟ್ಟ. ಅವನು ಅಷ್ಟಕ್ಕೆ ಬಿಡುವ ಆಸಾಮಿಯಲ್ಲ ಎಂದು ಸುಗುಣಳಿಗೆ ಹೊಳೆಯಬೇಕಿತ್ತು. ಆದರೆ ಆಗ ಅವಳ ಮನಸ್ಸೆಲ್ಲ ಗಡಿಯಾರದ ಮೇಲಿತ್ತು. ಹತ್ತೂ ಮುಕ್ಕಾಲು.

ಮೂರು ಗಂಟೆಗೆ ಎರಡನೇ ಪಾಳಿ. ಆ ಪಾಳಿ ಶುರುವಾದೊಡನೆ ಗೋದಾವರಿಯ ಮರಳನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ, ಸುರಂಗಗಳನ್ನು ಕೂಡಿಸುವ ಹದಿನಾಲ್ಕನೇ ಕೂಡುದಾರಿಗೆ ಬಿಡುತ್ತಾರೆ. ಕಲ್ಲಿದ್ದಲು ತೆಗೆದ ಪೊಳ್ಳೆಲ್ಲ ನೆಲದಿಂದ ಸೂರಿನವರೆಗೆ ತುಂಬಿಹೋಗುತ್ತದೆ. ಅಲ್ಲೇ ಮಂಗಳವಾರ ಬೆಳಿಗ್ಗೆ ಸೂರು ಕುಸಿದು ಸರ್ದಾರ್ ಮೊಂಡಯ್ಯ ಸತ್ತದ್ದು. ಮರಳು ಕೂತ ಮೇಲೆ ಅಲ್ಲಿ ಏನು ನಡೆಯಿತೆಂದು ಹೇಳಲು ಕಲ್ಲೂ ಉಳಿಯುವುದಿಲ್ಲ. ಕಂಪನಿಯ ವರದಿ ಮಾತ್ರ ಉಳಿಯುತ್ತದೆ: ಸರ್ದಾರನು ಸೂರನ್ನು ಪರೀಕ್ಷಿಸದೆ ಒಳಹೊಕ್ಕು, ತನ್ನ ಅಜಾಗರೂಕತೆಯಿಂದ ಮೃತಪಟ್ಟನು.

ಮೊಂಡಯ್ಯನ ಹೆಂಡತಿ ಬುಚ್ಚಮ್ಮ ಠಾಣೆಗೆ ಬಂದು ಕೇಳಿದ್ದು ಇಷ್ಟೇ. “ನಂಗೆ ಬೇರೆ ಏನೂ ಬೇಡಮ್ಮ. ಆ ಕಾಗದ ಒಂದು ಹರಿದು ಹಾಕ್ಸು. ಮದುವೆ ಮನೆಗೆ ಹೋದ್ರೂ ಚಪ್ಪರದ ಕಂಬ ಬಡಿದು ನೋಡಿ ಊಟಕ್ಕೆ ಕೂರ್ತಿದ್ದ ಗಂಡಸು. ಬಡೀದೆ ಒಳಗೆ ಹೋದ ಅಂತ ಬರೆದಿದಾರಲ್ಲ.”

ಸುಗುಣ ಇದೇ ಗಣಿಯ ಹಗ್ಗದ ಯಂತ್ರ ನಡೆಸುತ್ತಿದ್ದವನ ಮಗಳು. ಬುಚ್ಚಮ್ಮನ ಮಾತಿನ ತೂಕ ಅವಳಿಗೆ ಗೊತ್ತಿತ್ತು. ಪಾಳಿಯವರು ಇಳಿಯುವ ಮುಂಚೆ ಸರ್ದಾರನೊಬ್ಬ ಇಳಿದು, ಕೋಲಿನಿಂದ ಸೂರು ಬಡಿದು, ನಿಲ್ಲುತ್ತದೋ ಬೀಳುತ್ತದೋ ಹೇಳಬೇಕು. ಅವನು ಹೂಂ ಅಂದರೆ ಮೂವತ್ತು ಮನೆಯ ಗಂಡಸರು ಒಳಗೆ ಹೋಗುತ್ತಾರೆ. ಅಂಥವನು ಬಡಿಯಲಿಲ್ಲ ಎಂದರೆ, ಇಪ್ಪತ್ತೆರಡು ವರ್ಷ ಅವನ ಹೂಂ ನಂಬಿದವರೆಲ್ಲ ಕನಸಿನಲ್ಲಿ ಬೆಚ್ಚಿಬೀಳಬೇಕು.

ಆದ್ದರಿಂದಲೇ ಅವಳು ಓದೇಲುವನ್ನು ಕರೆತಂದಿದ್ದಳು. ನಿವೃತ್ತನಾಗಿ ಎಂಟು ವರ್ಷ. ಎಡಗೈಗೆ ನಾಲ್ಕೇ ಬೆರಳು. ನಲ್ಲಬಂಡ ಏಳನೇ ಗಣಿಯಲ್ಲಿ ಸೂರು ಬಡಿಯುವ ವಿದ್ಯೆ ಬಲ್ಲ ಹಳಬರೆಲ್ಲ ಕಲಿತದ್ದು ಅವನ ಹತ್ತಿರವೇ. ಮೊಂಡಯ್ಯನೂ ಅಷ್ಟೆ.

ಮುಂದೆ ಓವರ್‌ಮ್ಯಾನ್ ಸದಾನಂದಂ, ಪಾಳಿಯ ಮೇಲ್ವಿಚಾರಕ, ಹೋಗುತ್ತಿದ್ದ. ಆ ವರದಿ ಬರೆದವನು ಅವನೇ. ಅವನ ಹಿಂದೆ, ಹೆಗಲ ಮೇಲೆ ಹಾರೆ ಹೊತ್ತು, ಕಂಬ ನಿಲ್ಲಿಸುವ ಕೆಲಸದ ರಾಜಲಿಂಗು. ಐವತ್ತರ ಮನುಷ್ಯ. ಬೆಳಗಿನಿಂದ ಅವನ ಬಾಯಿಂದ ಒಂದು ಮಾತು ಹೊರಟಿರಲಿಲ್ಲ.

“ಮೇಲೆ ಮೈಸಮ್ಮನ ಗುಡೀಲಿ ಇವತ್ತೂ ತೆಂಗಿನಕಾಯಿ ಒಡೆದ ನಮ್ಮ ರಾಜಲಿಂಗು,” ಸದಾನಂದಂ ಹೊರಳದೆಯೇ ಹೇಳಿದ. “ಮೂರು ದಿನಕ್ಕೆ ಮೂರು ಕಾಯಿ. ಗಣಿ ದೇವತೆ ಹತ್ರ ಏನು ಕೇಳ್ತಿದೀಯೋ? ಮೂರನೇ ಮಗಳಿಗೂ ಗಂಡು ಸಿಕ್ತಲ್ಲ.”

ರಾಜಲಿಂಗು ಹಾರೆಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ.

* * *

ಹದಿನಾಲ್ಕನೇ ಕೂಡುದಾರಿಯಲ್ಲಿ ನಾಲ್ಕು ದೀಪಗಳೂ ಒಮ್ಮೆಗೇ ಮೇಲಕ್ಕೆದ್ದವು.

ಸೂರು ಇರಬೇಕಾದ ಕಡೆ ಎತ್ತಿನಗಾಡಿ ಹಿಡಿಸುವಷ್ಟು ದೊಡ್ಡ ಗುಳಿ. ಕೆಳಗೆ ಬಂಡೆಗಳ ರಾಶಿ. ಹೆಣ ಎಳೆಯಲು ಒಂದು ಬದಿ ತೆರವು ಮಾಡಿ, ಗುಳಿಯ ಅಂಚಿಗೆ ಆರು ಹೊಸ ಮರದ ಕಂಬ ಕೊಟ್ಟಿದ್ದರು. ಸುತ್ತಲ ಕಲ್ಲಿದ್ದಲ ಗೋಡೆಗಳು ಬೆಂಕಿ ಹರಡದಿರಲೆಂದು ಎರಚಿದ ಸುಣ್ಣಗಲ್ಲಿನ ಪುಡಿಯಿಂದ ಬೆಳ್ಳಗಿದ್ದವು.

ಸುಗುಣ ಒಂದು ಹೆಜ್ಜೆ ಮುಂದಿಟ್ಟಳು. ಓದೇಲುವಿನ ಕೋಲು ಅವಳ ಎದೆಗೆ ಅಡ್ಡ ಬಂತು.

“ಮೊದಲು ನಾನು ಮಾತಾಡಿಸ್ತೀನಿ.”

ಅವನು ಗಟ್ಟಿ ಕಂಬವೊಂದರ ಅಡಿ ನಿಂತ. ಬೆರಳು ಕಡಿಮೆಯಿದ್ದ ಎಡಗೈಯನ್ನು ತಲೆಯ ಮೇಲಿನ ಕಲ್ಲಿಗೆ ಚಪ್ಪಟೆಯಾಗಿ ಒತ್ತಿದ. ಕರು ಹಾಕುವ ಹಸುವಿನ ಹೊಟ್ಟೆ ಮೇಲೆ ಕೈಯಿಟ್ಟ ಹಾಗೆ. ಬಲಗೈಯಿಂದ ಕೋಲೆತ್ತಿ, ಅದರ ಹಿತ್ತಾಳೆ ಗುಬ್ಬಿಯಿಂದ ಒಂದು ಮಾರು ಮುಂದಕ್ಕೆ ಬಡಿದ. ಕಣ್ಣು ಮುಚ್ಚಿತ್ತು. ಬಾಯಿ ಅರ್ಧ ತೆರೆದಿತ್ತು.

ಟಣ್.

“ಇದು ತುಂಬಿದ ಹೆಂಡದ ಮಡಕೆ,” ಅಂದ. ಒಂದೇ ಹೆಜ್ಜೆ ಮುಂದಿಟ್ಟ. ಮತ್ತೆ ಬಡಿದ. ಟಣ್. ಮತ್ತೊಂದು ಹೆಜ್ಜೆ. ಈ ಸಲ ದನಿ ಬೇರೆ ಬಂತು. ದೊಬ್.

“ಇದು ಕುಡಿದು ಮುಗಿಸಿದ ಮಡಕೆ. ಒಳಗೆ ಪದರ ಬಿಟ್ಟಿದೆ. ಕಿವಿ ಸುಳ್ಳು ಹೇಳಿದ್ರೂ ಕೈ ಹೇಳಲ್ಲ. ನಡುಗುತ್ತೆ ನೋಡು, ಇಲ್ಲಿ ಇಡು ಕೈ.”

ಸುಗುಣ ಕೈಯೆತ್ತಿ ಇಟ್ಟಳು. ಅವನು ಬಡಿದಾಗ ಕಲ್ಲಿನೊಳಗೆ ಎಲ್ಲೋ ಒಂದು ಸಣ್ಣ ನಡುಕ ಹುಟ್ಟಿ ಅಂಗೈಗೆ ಬಂದು ಮುಟ್ಟಿತು. ಅಷ್ಟು ದೊಡ್ಡ ಭೂಮಿ ಇಷ್ಟು ಮೆಲ್ಲಗೆ ಮಾತಾಡುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಹೇಳಿದ್ದ, ಅವಳು ಕತೆ ಅಂದುಕೊಂಡಿದ್ದಳು.

“ಉಪಕರಣ ಇದೆ ಇದಕ್ಕೆಲ್ಲ ಈಗ,” ಎಂದ ಸದಾನಂದಂ. “ಕೂದಲೆಳೆ ಲೆಕ್ಕದಲ್ಲಿ ಅಳೆಯುತ್ತೆ. ನಿನ್ನ ಮಡಕೆ ಕಾಲ ಮುಗೀತು ಮುದುಕಾ.”

“ಹೌದು, ಒಳ್ಳೆ ಉಪಕರಣ. ನೀರಜಮ್ಮ ಹಾಕಿಸಿದ್ದು. ಹೋದ ವರ್ಷ ನಾನೇ ಬಂದು ನೋಡಿ ಹೋದೆ. ಅದು ಎಷ್ಟು ಇಳೀತು ಅಂತ ಹೇಳುತ್ತೆ. ಇದು ಎಲ್ಲಿ ಇಳಿಯುತ್ತೆ ಅಂತ ಹೇಳುತ್ತೆ. ಎರಡೂ ಬೇಕಪ್ಪ. ಒಬ್ಬಳೇ ಸೊಸೆ ಇದ್ದ ಮನೆ ನಡೆಯುತ್ತೇನು?”

ಮಾತಾಡುತ್ತಲೇ ಅವನು ಕಂಬದಿಂದ ಹೆಬ್ಬೆರಳಿನಷ್ಟು ಚಕ್ಕೆ ಸೀಳಿ, ಚಾಕುವಿನಿಂದ ಮೊನೆ ಮಾಡಿದ. ಗುಳಿಯ ಅಂಚಿನಲ್ಲಿ ಒಂದು ಬಿರುಕು ಓಡಿತ್ತು. ಚಕ್ಕೆಯನ್ನು ಅದರ ಬಾಯಿಗಿಟ್ಟು ಒಂದೇ ಬೆರಳಿನಿಂದ ಮೆಲ್ಲಗೆ ಒತ್ತಿದ.

“ಬಡಿದು ಕೂರಿಸಬಾರದು. ಬಿರುಕು ಒಂದೆಳೆ ಬಾಯಿ ಬಿಟ್ರೂ ಉದುರಬೇಕು.”

“ಉದುರಿದ್ರೆ?” ಸುಗುಣ ಕೇಳಿದಳು.

“ಉದುರಿದ್ರೆ ಮಾತಾಡ್ತಾ ನಿಲ್ಲಬಾರದು.”

* * *

ಸದಾನಂದಂ ಗೋಡೆಗೆ ಒರಗಿ ಕೈ ಕಟ್ಟಿದ. ನಲವತ್ತರ ಒಳಗಿನವನು, ಮೀಸೆ ನೀಟು. ಮಾತೂ ನೀಟು.

“ಎಸ್ಐ ಮೇಡಂ, ನೀವು ಕೇಳೋ ಮುಂಚೆ ನಾನೇ ಹೇಳ್ತೀನಿ. ಸರ್ದಾರ್ ಸೂರು ಬಡಿದ ಮೇಲೆ ಗುರುತು ಹಾಕ್ಬೇಕು. ಚೆನ್ನಾಗಿದ್ರೆ ತಾರೀಕು. ಕೆಟ್ಟಿದ್ರೆ ಕತ್ತರಿ ಗೀಟು, ಜೊತೆಗೆ ದಾರಿಗೆ ಅಡ್ಡಗೋಲು. ನಾನು ಏಳೂವರೆಗೆ ಬಂದೆ. ಗೀಟು ಇಲ್ಲ, ತಾರೀಕು ಇಲ್ಲ, ಅಡ್ಡಗೋಲೂ ಇಲ್ಲ. ಅವನ ಕೋಲು ಇಪ್ಪತ್ತು ಹೆಜ್ಜೆ ದೂರದಲ್ಲಿ ಗೋಡೆಗೆ ಒರಗಿ ನಿಂತಿತ್ತು. ನಾನೇನು ಬರೀಲಿ?”

“ಗೀಟನ್ನ ಎಲ್ಲೆಲ್ಲಿ ಹುಡುಕಿದಿರಿ?”

“ಗೋಡೆ ಮೇಲೆ, ಉಳಿದ ಸೂರಿನ ಮೇಲೆ. ಬಿಳಿ ಬಳಪದ ಗುರುತು ಒಂದೂ ಇರ್ಲಿಲ್ಲ.”

“ಬಿಳಿ,” ಎಂದಳು ಸುಗುಣ.

ಅವಳು ಜೇಬಿನಿಂದ ಒಂದು ಚಪ್ಪಟೆ ಡಬ್ಬಿ ತೆಗೆದಳು. ಬೆಳಿಗ್ಗೆ ಬುಚ್ಚಮ್ಮ ಕೊಟ್ಟದ್ದು. ಒಳಗೆ ದರ್ಜಿಗಳು ಬಟ್ಟೆಗೆ ಗೆರೆ ಎಳೆಯುವ ನೀಲಿ ಬಳಪ. ಹನ್ನೆರಡು ಇರಬೇಕಾದ ಡಬ್ಬಿಯಲ್ಲಿ ಹನ್ನೊಂದು.

“ಬಿಳೀ ಪುಡಿ ಎರಚಿದ ಗೋಡೆ ಮೇಲೆ ಬಿಳೀ ಬಳಪ ಕಾಣಲ್ಲ ಅಂತ ಮೊಂಡಯ್ಯ ಯಾವಾಗ್ಲೂ ಗೊಣಗ್ತಿದ್ನಂತೆ. ಅವನ ಬಾಮೈದ ದರ್ಜಿ ಅಂಗಡಿ ಇಟ್ಟ. ಸೋಮವಾರ ರಾತ್ರಿ ಈ ಡಬ್ಬಿ ತಂದುಕೊಟ್ಟ. ಮಂಗಳವಾರ ಬೆಳಿಗ್ಗೆ ಮೊದಲನೇ ತುಂಡು ಜೇಬಿಗೆ ಹಾಕ್ಕೊಂಡು ಮೊಂಡಯ್ಯ ಕೆಲಸಕ್ಕೆ ಬಂದ. ಆ ತುಂಡು ಅವನ ಹೆಣದ ಜೇಬಲ್ಲಿ ಸಿಕ್ಕಿದೆ. ಒಂದು ಮೂಲೆ ಸವೆದಿದೆ, ಸದಾನಂದಂ.”

“ಸವೆದಿದ್ರೆ? ಬೇರೆಲ್ಲೋ ಬರೆದಿರ್ಬಹುದು.”

“ಬರೆದಿರ್ಬಹುದು,” ಓದೇಲು ಒಪ್ಪಿದ. “ನೋಡೋಣ.”

ಅವನು ಗುಳಿಯ ಈಚೆಯ ಕೊನೆಯ ಹಳೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಮಂಗಳವಾರವೂ ಇದ್ದ ಕಂಬ ಅದು.

“ಸರ್ದಾರ್ ಆದವನು ಕೆಟ್ಟ ಸೂರಿನಡಿ ನಿಂತು ಗೀಟು ಹಾಕಲ್ಲ. ಒಳ್ಳೆ ಸೂರಿನಡಿ ನಿಂತು, ಕೈ ಚಾಚಿ, ಕೆಟ್ಟದ್ದಕ್ಕೆ ಹಾಕ್ತಾನೆ. ಮೊಂಡಯ್ಯ ನನಗಿಂತ ನಾಲ್ಕು ಬೆರಳು ಗಿಡ್ಡ.” ಮೊಣಕಾಲು ಸ್ವಲ್ಪ ಮಡಿಸಿದ. ಕೈ ಚಾಚಿದ. ಬೆರಳ ತುದಿ ಗುಳಿಯ ಖಾಲಿ ಗಾಳಿಯಲ್ಲಿ ಒಂದು ಜಾಗ ಮುಟ್ಟಿತು. “ಇಲ್ಲಿ. ಇಲ್ಲಿದ್ದ ಕಲ್ಲು ಈ ಗಣಿಯ ಇಳಿಜಾರಿಗೆ ತಕ್ಕ ಹಾಗೆ ಒಂದು ಮೊಳ ಆಚೆ ವಾಲಿ ಬೀಳುತ್ತೆ. ರಾಜಲಿಂಗು, ಆ ಗೇಣು ದಪ್ಪದ ಬಂಡೆ. ಮುಖ ಕೆಳಗಾಗಿ ಬಿದ್ದಿದೆ ನೋಡು. ಹಾರೆ ಹಾಕು.”

ರಾಜಲಿಂಗು ಹಾರೆ ಹಾಕಿದ. ಬಂಡೆ ಗೊರಕೆ ಹೊಡೆದಂತೆ ಸದ್ದು ಮಾಡಿ ಎದ್ದು, ಮಗ್ಗುಲಾಯಿತು.

ನಾಲ್ಕು ದೀಪಗಳ ಬೆಳಕು ಅದರ ಮೇಲೆ ಬಿತ್ತು.

ನೀಲಿ. ಅಂಗೈ ಅಗಲದ ಒಂದು ಓರೆ ಗೀಟು, ಅದರ ಮೇಲೆ ಇನ್ನೊಂದು. ಆದರೆ ಎರಡನೆಯದು ಅರ್ಧಕ್ಕೇ ಬಂಡೆಯ ಅಂಚಿನಲ್ಲಿ ನಿಂತುಹೋಗಿತ್ತು.

ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

“ಇದನ್ನ ನೀವೇ ಬರೆದಿರ್ಬಹುದು,” ಸದಾನಂದಂ ಕೊನೆಗೆ ಹೇಳಿದ. ದನಿಯಲ್ಲಿ ಮೊದಲಿನ ನೀಟು ಇರಲಿಲ್ಲ. “ಡಬ್ಬಿ ನಿಮ್ಮ ಜೇಬಲ್ಲೇ ಇದೆ ಮೇಡಂ.”

“ಬರೆಯೋಕೆ ನಾನು ಬಂಡೆ ಕೆಳಗೆ ತೂರ್ಬೇಕಿತ್ತು. ಮಗ್ಗುಲು ಮಾಡಿದ್ದು ನಿಮ್ಮ ಕಣ್ಣೆದುರಿಗೆ.”

“ಗೀಟಿನ ಉಳಿದರ್ಧ ಹುಡುಕು,” ಓದೇಲು ರಾಜಲಿಂಗುವಿಗೆ ಹೇಳಿದ. “ಪಕ್ಕದ ತುಂಡಲ್ಲಿರುತ್ತೆ.”

ಇತ್ತು. ಎರಡು ಬಂಡೆಗಳ ಒಡೆದ ಅಂಚನ್ನು ಹಾರೆಯಿಂದ ಸೇರಿಸಿದಾಗ ನೀಲಿ ಗೀಟು, ಕಡಿದ ಬಳೆ ಕೂಡಿದ ಹಾಗೆ, ಒಂದಾಯಿತು. ಬಂಡೆ ಗೀಟಿನ ನಡುವೆಯೇ ಒಡೆದಿತ್ತು. ಅಂದರೆ ಒಡೆಯುವ ಮುಂಚೆ ಗೀಟಿತ್ತು.

ಮೊಂಡಯ್ಯ ಬಡಿದಿದ್ದ. ದೊಬ್ ಎಂದದ್ದನ್ನು ಕೇಳಿದ್ದ. ಹೊಸ ಬಳಪ ತೆಗೆದು, ದೂರಕ್ಕೂ ಕಾಣುವ ಹಾಗೆ ದಪ್ಪಗೆ ಎರಡು ಗೀಟು ಎಳೆದಿದ್ದ.

“ನನಗಿಂತ ಒಳ್ಳೆ ಕಿವಿ ಅವನದು,” ಎಂದ ಓದೇಲು, ಬಂಡೆಯನ್ನೇ ನೋಡುತ್ತ. “ಒಂದು ಸಲ ನಾನು ಸರಿಯಿದೆ ಅಂದ ಸೂರಿಗೆ ಇವನು ಇಲ್ಲ ಅಂದ. ನನ್ನ ಹತ್ರ ಕಲಿಯೋಕೆ ಬಂದು ಆರು ತಿಂಗಳಾಗಿತ್ತು ಅಷ್ಟೆ. ಒಂದು ಮಡಕೆ ಹೆಂಡ ಪಂದ್ಯ ಕಟ್ಟಿ ಆಚೆ ಬಂದು ಕೂತ್ವಿ. ಅರ್ಧ ಗಂಟೆಗೆ ಬಿತ್ತು. ನಾನು ಒಳಗಿದ್ದಿದ್ರೆ ಈಗ ಯಾರು ಮಾತಾಡ್ತಿದ್ರು? ಅವತ್ತಿಂದ ಅವನಿಗೆ ಗುರುವೇ ಅಂತಿದ್ದೆ. ಬೈತಿದ್ದ.”

* * *

ಗಣಿಯೊಳಗೆ ಮೊಬೈಲು, ಕ್ಯಾಮೆರಾ ಒಯ್ಯುವಂತಿಲ್ಲ. ಇದ್ದದ್ದು ಕಾಗದ, ಪೆನ್ಸಿಲ್ಲು. ಸುಗುಣ ಬಂಡೆಯ ಚಿತ್ರ ಬರೆದು, ಅಳತೆ ಬರೆದು, ಮಹಜರಿನ ಕೆಳಗೆ ಮೂರು ಹೆಸರಿಗೆ ಜಾಗ ಬಿಟ್ಟಳು. ಓದೇಲು ಹಾಕಿದ. ರಾಜಲಿಂಗು ಹೆಬ್ಬೆಟ್ಟು ಒತ್ತಿದ. ಕಾಗದ ಸದಾನಂದಂ ಕಡೆ ಹೋಯಿತು.

ಅವನು ಮುಟ್ಟಲಿಲ್ಲ.

“ಗೀಟಿತ್ತು, ಒಪ್ತೀನಿ. ಅಡ್ಡಗೋಲೆಲ್ಲಿ? ಗೀಟು ಹಾಕಿ ಅಡ್ಡಗೋಲು ಕಟ್ಟದೇ ಇದ್ರೆ ಅದೂ ತಪ್ಪೇ. ಬೇರೆ ಯಾರಾದ್ರೂ ಒಳಗೆ ಹೋಗಿದ್ರೆ? ನಾನು ಹಾಗೇ ಬರೀತೀನಿ.”

“ಬರಿ. ಅದಕ್ಕೆ ಮುಂಚೆ ಈ ಗೋಡೆ ನೋಡು ಬಾ.”

ಓದೇಲು ಅವನನ್ನು ದಾರಿಯ ಬಾಯಿಗೆ ಕರೆದೊಯ್ದ. ಎರಡೂ ಬದಿಯ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ ಒಂದು, ಎದೆಯ ಎತ್ತರಕ್ಕೆ ಒಂದು ಹಸಿ ಗುಳಿ. ಬಿಳಿ ಪುಡಿ ಉದುರಿ, ಒಳಗಿನ ಕಲ್ಲಿದ್ದಲು ಹೊಳೆಯುತ್ತಿತ್ತು.

“ಎರಡು ಕೋಲು, ಕತ್ತರಿ ಆಕಾರ, ಎರಡು ಗೋಡೆಗೂ ಬಿಗಿದು ಕೂರಿಸಿದ ಗುರುತು. ಮೊಂಡಯ್ಯ ಕಟ್ಟಿದ್ದ. ಆಮೇಲೆ ಯಾರೋ ತೆಗೆದ್ರು.”

“ಹಾಗಾದ್ರೆ ಕೋಲೆಲ್ಲಿ?”

“ನಿನ್ನ ಬೆನ್ನ ಹಿಂದೆ.”

ಸದಾನಂದಂ ಹೊರಳಿದ. ಮೂಲೆಯಲ್ಲಿ ಬೇರೆ ಕಂಬಗಳ ಪಕ್ಕ ಎರಡು ಉದ್ದನೆಯ ಕೋಲುಗಳು ಜೋಡಿಯಾಗಿ ನಿಂತಿದ್ದವು. ತುದಿಗಳಿಗೆ ಕಲ್ಲಿದ್ದಲು ಕಚ್ಚಿಕೊಂಡಿತ್ತು.

“ಮಂಗಳವಾರದಿಂದ ಹತ್ತು ಸಲ ಇವುಗಳ ಮುಂದೆ ಓಡಾಡಿದೀನಿ,” ಎಂದ ಅವನು, ತನಗೇ ಹೇಳಿಕೊಂಡ ಹಾಗೆ.

“ಓಡಾಡಿದೀಯ. ಮೇಲೆ ನೋಡ್ತಾ ಓಡಾಡಿದೀಯ. ಅದು ತಪ್ಪಲ್ಲ. ಇಲ್ಲಿ ಎಲ್ರೂ ಮೇಲೆ ನೋಡ್ತಾನೇ ಓಡಾಡ್ಬೇಕು.”

ಸದಾನಂದಂ ಬಂಡೆಯ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತ. ನೀಲಿ ಗೀಟಿನ ಮೇಲೆ ಬೆರಳಾಡಿಸಲು ಹೋಗಿ, ಅಳಿಸೀತೆಂದು ಕೈ ಹಿಂದೆ ತೆಗೆದ.

“ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಸೂರು ಬಡಿಯೋದನ್ನ ಇವನೇ ತೋರಿಸಿಕೊಟ್ಟಿದ್ದ,” ಅಂದ. “ಪುಸ್ತಕದಲ್ಲಿ ಓದಿದ್ದು ಒಂದೂ ಕೈಗೆ ಬರ್ತಿರ್ಲಿಲ್ಲ. ಕಾಗದ ಕೊಡಿ ಮೇಡಂ. ಆದ್ರೆ ಒಂದು. ನಾನು ಸುಳ್ಳು ಬರೆದೆ ಅಂತ ಬರೀಬೇಡಿ. ನೋಡ್ಲಿಲ್ಲ ಅಂತ ಬರೀರಿ. ಅದು ನಿಜ.”

ಸಹಿ ಹಾಕಿದ. ಪೆನ್ಸಿಲ್ ವಾಪಸು ಕೊಟ್ಟು ಎದ್ದ.

“ಮರಳು ನಿಲ್ಲಿಸ್ಬೇಕು,” ಎಂದಳು ಸುಗುಣ. “ಈ ಜಾಗ ಈಗ ಪೊಲೀಸ್ ವಶ.”

“ಹತ್ತನೇ ಕೂಡುದಾರಿಯಲ್ಲಿ ಫೋನಿದೆ. ಮೇಲಕ್ಕೆ ಹೇಳಿಬರ್ತೀನಿ.”

ಅವನ ದೀಪ ದೂರವಾಗುತ್ತ ಹೋಗಿ, ತಿರುವಿನಲ್ಲಿ ಆರಿದಂತಾಯಿತು.

* * *

ಸುಗುಣಳಿಗೆ ಕುಣಿಯಬೇಕು ಅನ್ನಿಸಿತು. ಬುಚ್ಚಮ್ಮನ ಎದುರು ಕೂತು ಆ ವರದಿಯನ್ನು ನಾಲ್ಕು ಚೂರು ಮಾಡುವ ಗಳಿಗೆ ಕಣ್ಣಮುಂದೆ ಬಂತು. ಆದರೆ ಓದೇಲು ಆ ಎರಡು ಕೋಲುಗಳ ಮುಂದಿನಿಂದ ಅಲುಗಿರಲಿಲ್ಲ.

“ರಾಜಲಿಂಗು,” ಎಂದ. “ಈ ಕೋಲುಗಳ ದಪ್ಪ ತುದಿ ಎಲ್ಲಿದೆ?”

ರಾಜಲಿಂಗು ನೆಲ ನೋಡಿದ.

“ಮೇಲಿದೆ. ಸಾಮಾನ್ಯ ಮನುಷ್ಯ ಮರ ಒರಗಿಸಿದ್ರೆ ದಪ್ಪ ತುದಿ ಕೆಳಗೆ ಬರುತ್ತೆ. ಸದಾನಂದಂ ತೆಗೆದಿದ್ರೆ ಒದ್ದು ಮೂಲೆಗೆ ತಳ್ತಿದ್ದ. ದಪ್ಪ ತುದಿ ಮೇಲೆ ಮಾಡಿ ನಿಲ್ಲಿಸೋದು ಯಾರು? ಸೂರಿನ ಭಾರ ದಪ್ಪ ತುದಿ ಹೊರಲಿ, ತೆಳು ತುದಿ ಕೆಳಗಿರಲಿ, ಅದು ನಲುಗೋದು ಕಣ್ಣಿಗೆ ಕಾಣಲಿ ಅಂತ ನಾನು ತಲೆಗೆ ಮೊಟಕಿ ಕಲಿಸಿದವರು. ಮೂರೇ ಜನ. ಒಬ್ಬ ಸತ್ತ. ಒಬ್ಬ ಊರಲ್ಲಿಲ್ಲ.”

ಹಾರೆ ರಾಜಲಿಂಗುವಿನ ಕೈಯಿಂದ ಜಾರಿ ನೆಲಕ್ಕೆ ಆನಿಕೊಂಡಿತು.

“ನಾನೇ ತೆಗೆದೆ ಮಾಮಾ.”

ಸುಗುಣ ಮುಂದೆ ಬಂದಳು. “ಯಾರು ಹೇಳಿದ್ರು ತೆಗಿ ಅಂತ?”

“ಮೊಂಡಯ್ಯನೇ.”

“ತಾನೇ ಕಟ್ಟಿದ ಅಡ್ಡಗೋಲನ್ನ ತಾನೇ ತೆಗಿ ಅಂದ್ನಾ?”

“ಕಟ್ಟಿ ಇನ್ನೂ ಕೈ ಒರೆಸಿಕೊಂಡಿರ್ಲಿಲ್ಲ ಅವನು. ಆರೂವರೆ ಇರ್ಬೇಕು. ಗಣೀಲಿ ನಾವಿಬ್ರೇ. ಅಡ್ಡಗೋಲಿನ ಆಚೆಯಿಂದ, ಆ ಕತ್ತಲಿಂದ, ಯಾರೋ ಕೂಗಿದ್ರು. ಮೊಂಡಯ್ಯಾ ಅಂತ ಹೆಸರು ಹಿಡಿದು. ಅವನು ಕೋಲು ನನ್ನ ಕೈಗೆ ತುರುಕಿದ. ‘ಅಡ್ಡಗೋಲು ತೆಗಿ, ಓಡಿ ಬರೋರಿಗೆ ದಾರಿ ಬೇಕು’ ಅಂದ. ಅವನು ಹೋದ. ನಾನು ಅವನ ಕೋಲು ಗೋಡೆಗೆ ಒರಗಿಸಿ, ಅಡ್ಡಗೋಲು ತೆಗೆದು ನಿಲ್ಲಿಸಿದೆ. ಆಮೇಲೆ…” ಅವನು ಗುಳಿಯ ಕಡೆ ಕೈ ತೋರಿಸಿದ. “ಆಮೇಲೆ ಸೂರು ಬಂತು.”

“ಕೂಗಿದವರು ಯಾರು?”

ರಾಜಲಿಂಗು ಹಾರೆ ಎತ್ತಿಕೊಳ್ಳಲು ಬಾಗಿದ.

“ಮೂರು ತೆಂಗಿನಕಾಯಿ ಒಡೆದಿದೀಯ,” ಓದೇಲು ಮೆಲ್ಲಗೆ ಹೇಳಿದ. “ಅದು ಹೆಣ್ಣು ದನಿ ಅಲ್ವೇನೋ?”

ರಾಜಲಿಂಗು ಎರಡೂ ಕೈ ಜೋಡಿಸಿದ. “ಗಣಿ ಒಳಗೆ, ಆ ಹೊತ್ತಲ್ಲಿ, ಹೆಣ್ಣು ದನಿ ಎಲ್ಲಿಂದ ಬರ್ಬೇಕು ಮಾಮಾ? ನಮ್ಮಪ್ಪ ಹೇಳ್ತಿದ್ದ. ಮೈಸಮ್ಮ ಹೆಸರು ಹಿಡಿದು ಕರೆದ್ರೆ ಹೋಗಲೇಬೇಕು, ಕಂಡೋರು ಬಾಯಿ ಬಿಡಬಾರದು ಅಂತ. ಧೂಳಿನೊಳಗಿಂದ ಬೆಳಕೊಂದು ಬಂತು. ಕಣ್ಣು ಕುಕ್ಕೋ ಬೆಳಕು. ನನ್ನ ದಾಟಿ ಹೋಯ್ತು. ಮುಖ ಕಾಣ್ಲಿಲ್ಲ. ನಾನು ನೆಲಕ್ಕೆ ಬಿದ್ದು ಕೈ ಮುಗಿದೆ. ಎದ್ದಾಗ ಯಾರೂ ಇರ್ಲಿಲ್ಲ. ಮೊಂಡಯ್ಯನೂ ಇರ್ಲಿಲ್ಲ.”

“ಆ ಬೆಳಕು ಏನಾದ್ರೂ ಸದ್ದು ಮಾಡ್ತಾ?”

ಅವನು ಯೋಚಿಸಿದ. “ಕೆಮ್ಮಿತು.”

“ಮೈಸಮ್ಮ ಕೆಮ್ಮಲ್ಲ ಕಣೋ ದಡ್ಡಾ. ಈ ಧೂಳೆಲ್ಲ ಅವಳ ಮನೇದೇ.”

ಬೈಗುಳದಲ್ಲಿ ಬಿಸಿ ಇರಲಿಲ್ಲ. ಓದೇಲು ಅವನ ಹೆಗಲ ಮೇಲೆ ಕೈಯಿಟ್ಟ. ಆಮೇಲೆ ಸುಗುಣಳ ಕಡೆ ತಿರುಗಿದ. ಅವಳು ಆಗಲೇ ಗಲ್ಲದ ಪಟ್ಟಿಗೆ ಕೈ ಹಾಕಿದ್ದಳು. ಕೋಲು ಮತ್ತೆ ಅಡ್ಡ ಬಂತು.

“ಇಲ್ಲಿ ಟೋಪಿ ತೆಗೀಬಾರದು ಮಗಳೇ. ಮೇಲೆ ಹೋಗಿ ನೋಡು.”

“ಏನಿದೆ ಇದರಲ್ಲಿ?”

“ಹಿಂದುಗಡೆ, ದೀಪದ ತಂತಿ ಸಿಕ್ಕಿಸೋ ಕೊಂಡಿ ಕೆಳಗೆ. ತೊಳೆದಿದಾರೆ, ಕೊಂಡಿ ಸಂದೀಲಿ ಉಳಿದಿದೆ. ನೀಲಿ. ಮೊದಲು ಒಂದು ಬೆರಳು ಕಾಣ್ತು, ಇಳೀತಾ ಇಳೀತಾ ನಾಲ್ಕು ಕಾಣ್ತು. ತಲೆ ಹಿಡಿದು ಮುಂದಕ್ಕೆ ನೂಕಿದ ಕೈ. ಬಳಪ ಹಿಡಿದ ಕೈ.”

ಸುಗುಣಳ ಕೈ ಪಟ್ಟಿಯ ಮೇಲೇ ನಿಂತಿತು. ಮಂಗಳವಾರ ಬೆಳಿಗ್ಗೆ ಮೊದಲ ಸಲ ಜೇಬಿಗಿಳಿದ ನೀಲಿ ಬಳಪ. ಎಂಟು ದಿನದಿಂದ ಗಣಿಗೆ ಇಳಿದೇ ಇಲ್ಲ ಎಂದ ನೀರಜಮ್ಮನ ಟೋಪಿ.

“ಮೊದಲೇ ಹೇಳ್ಬಾರ್ದಿತ್ತಾ ಮಾಮಾ?”

“ಹೇಳಿದ್ರೆ ನೀನು ಅಲ್ಲಿಂದ್ಲೇ ವಾಪಸ್ ಹೋಗ್ತಿದ್ದೆ. ನಂಗೆ ಮೊದಲು ನನ್ನ ಗುರುವಿನ ಗೀಟು ನೋಡ್ಬೇಕಿತ್ತು.” ಮುದುಕ ನೀಲಿ ಗೀಟಿನ ಕಡೆ ಕೋಲು ತೋರಿಸಿದ. “ಅವನು ಬಡಿದ, ಗೀಟು ಹಾಕಿದ, ಅಡ್ಡಗೋಲು ಕಟ್ಟಿದ. ಬೀಳುತ್ತೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದೂ ಒಳಗೆ ಹೋದ. ಹಾಗೆ ಬರಿ ನಿನ್ನ ಕಾಗದದಲ್ಲಿ.”

“ಬರೀತೀನಿ. ಆದ್ರೆ ಆ ಹೊತ್ತಲ್ಲಿ ನೀರಜಮ್ಮಂಗೆ ಇಲ್ಲೇನು ಕೆಲಸ? ಬದುಕಿಸಿದವನ ಮೇಲೆ ಇಂಥ ವರದಿ ಬಂದ್ರೂ ಯಾಕೆ ಸುಮ್ಮನಿದ್ರು?”

“ಅದನ್ನ ಕಲ್ಲು ಹೇಳಲ್ಲ. ಅವರೇ ಹೇಳ್ಬೇಕು.”

ಸುಗುಣ ಸದಾನಂದಂ ಹೋದ ದಾರಿಯ ಕಡೆ ನೋಡಿದಳು.

“ರಾಜಲಿಂಗು, ಮರಳು ನಿಲ್ಲಿಸೋಕೆ ಮೇಲೆ ಯಾರಿಗೆ ಫೋನ್ ಮಾಡ್ಬೇಕು?”

“ಮರಳಿನ ಅಪ್ಪಣೆ ಯಾರ ಕೈಲಿದೆಯೋ ಅವರಿಗಮ್ಮ.”

“ಯಾರ ಕೈಲಿದೆ?”

“ನೀರಜಮ್ಮನ ಕೈಲಿ.”

ಗುಳಿಯ ಅಂಚಿನ ಬಿರುಕಿನಿಂದ, ಓದೇಲು ಒತ್ತಿಟ್ಟಿದ್ದ ಹೆಬ್ಬೆರಳಿನಷ್ಟು ಚಕ್ಕೆ ಕಳಚಿ, ನೀಲಿ ಗೀಟಿನ ಬಂಡೆಯ ಮೇಲೆ ಟಕ್ಕೆಂದು ಬಿತ್ತು.